ಗುಂಡನ ತಟ್ಟೆಗೆ ಏನಿಕ್ಕೋದು?

38ನೇ ದಿನ ಅವ್ವ ನಾಯಿಗೆ ಕೋಳಿ ತುಂಡು ಇಕ್ಕಿಬಿಟ್ಟಳು.

ಯುಗಾದಿಯ ಮಾರನೇ ದಿನ, ಹೊಸತೊಡಕು. ನಾಗಮಂಗಲ ತಾಲೂಕಿನ ನಮ್ಮೂರಲ್ಲಿ ಆವತ್ತು ಬಾಡೂಟ ಇಲ್ಲದ ಮನೆ ಹುಡುಕಬೇಕು. ಹಿತ್ತಲಲ್ಲಿ ನಾಟಿ ಕೋಳಿ ಸಾರು ಕುದೀತಿತ್ತು. ನಾನು ನೆಂಟರ ಜೊತೆ ಜಗಲಿ ಮೇಲೆ ಕೂತು ಹರಟೆ ಹೊಡೀತಿದ್ದೆ. ನೀರು ಕುಡಿಯೋಣ ಅಂತ ಒಳಗೆ ಹೋದರೆ, ಅಡುಗೆಮನೆ ಹೊಸ್ತಿಲ ಹತ್ತಿರ ಗುಂಡ ಬಾಲ ಅಲ್ಲಾಡಿಸ್ತಾ ಏನೋ ಜಗೀತಿದ್ದಾನೆ. ಅವ್ವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಮೂಳೆಯಿಂದ ಮಾಂಸ ಬಿಡಿಸಿ ಬಿಡಿಸಿ ಅವನ ಬಾಯಿಗೆ ಇಡ್ತಿದ್ದಾಳೆ.

“ಅವ್ವಾ, ಏನ್ ಮಾಡ್ಬುಟ್ಟೆ!” ಅಂತ ನಾನು ಕೂಗಿದ ಕೂಗಿಗೆ ಜಗಲಿಯಲ್ಲಿ ಮಾತು ನಿಂತುಹೋಯ್ತು.

ಅವ್ವ ತಲೆ ಎತ್ತಿದಳು. “ಅಬ್ಬದ ದಿನ ಮನೇಲಿರೋ ಮೂಕಪ್ರಾಣಿಗೆ ಒಂದ್ ತುಂಡು ಇಕ್ಕದೆ ನಾವು ಉಣ್ಣಾಕಾಯ್ತದೇನ್ಲಾ?”

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. 38 ದಿನ ಹಾಳಾಯ್ತು, ಮತ್ತೆ ಮೊದಲಿಂದ ಶುರು ಮಾಡಬೇಕು, ಹೇಳಿದ್ದು ಒಂದಾದರೂ ನೆನಪಿರುತ್ತಾ ನಿಂಗೆ ಅಂತೆಲ್ಲ ಅಂದೆ. ಅವ್ವ ಕೈ ತೊಳ್ಕೊಂಡು ಎದ್ದಳು. ಹೋಗ್ತಾ ಒಂದೇ ಮಾತು ಹೇಳಿದಳು: “ನಾಯಿಗೆ ತಕ್ಕಡಿ ಮಡಿಕಂಡಿದ್ದೀಯ. ನನ್ ಸಕ್ರೆ ಎಷ್ಟೈತೆ ಅಂತ ಗೊತ್ತೇನ್ಲಾ ನಿಂಗೆ?”

ಗೊತ್ತಿರಲಿಲ್ಲ.

ಇದು ನಾಯಿ ಊಟದ ಬಗ್ಗೆ ಬರಹ. ಆದರೆ ಆ ಪ್ರಶ್ನೆಯನ್ನು ಬಿಟ್ಟು ಬರೆಯೋಕೆ ನನಗೆ ಬರಲ್ಲ.

*

ಗುಂಡ ನಮ್ಮ ಮನೆಯ ಶಿಹ್ ತ್ಸು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನನ್ನ, ನನ್ನ ಹೆಂಡ್ತಿಯ ಜೊತೆ ಇರೋ 6 ಕೆಜಿ ತೂಕದ ಜೀವ. ಎರಡು ವರ್ಷ ತುಂಬೋ ಹೊತ್ತಿಗೆ ಅವನಿಗೆ ಕಾಲಿನ ಬೆರಳು ನೆಕ್ಕೋ ಚಟ ಶುರುವಾಯ್ತು. ಆಮೇಲೆ ಕಿವಿ ಕೆಂಪಾಗೋದು, ವಾಸನೆ ಬರೋದು, ರಾತ್ರಿಯೆಲ್ಲ ಪರಪರ ಕೆರೆಯೋದು, ವಾರಕ್ಕೊಮ್ಮೆ ಭೇದಿ. ಔಷಧಿ ಕೊಟ್ಟರೆ ಹದಿನೈದು ದಿನ ಸುಮ್ಮನಿರ್ತಿತ್ತು, ನಿಲ್ಲಿಸಿದರೆ ಮತ್ತೆ ಶುರು.

ಡಾಕ್ಟರು ಮೊದಲು ಚಿಗಟ, ಫಂಗಸ್ಸು ಎಲ್ಲ ನೋಡಿದರು. ಅವೇನೂ ಅಲ್ಲ ಅಂತಾದ ಮೇಲೆ “ಊಟ ಇರಬಹುದು, ಪರೀಕ್ಷೆ ಮಾಡೋಣ” ಅಂದರು. ನಾನು ರಕ್ತ ಪರೀಕ್ಷೆ ಅಂದ್ಕೊಂಡೆ. ನಾಯಿಗಳ ಆಹಾರದ ಅಲರ್ಜಿಗೆ ರಕ್ತದ ಪರೀಕ್ಷೆ, ಜೊಲ್ಲಿನ ಪರೀಕ್ಷೆ ಅಂತ ಮಾರ್ತಾರೆ, ಆದರೆ ಅವನ್ನ ನಂಬೋ ಹಾಗಿಲ್ಲವಂತೆ. ನಂಬೋ ಪರೀಕ್ಷೆ ಒಂದೇ: 8 ವಾರ ನಾಯಿಗೆ ಹಿಂದೆ ಯಾವತ್ತೂ ತಿಂದಿರದ ಒಂದು ಪ್ರೋಟೀನು, ಇಲ್ಲಾ ಪ್ರೋಟೀನನ್ನು ಮೊದಲೇ ಚೂರುಚೂರಾಗಿ ಒಡೆದು ದೇಹಕ್ಕೆ ಗುರುತು ಸಿಗದ ಹಾಗೆ ಮಾಡಿದ ಆಹಾರ ಮಾತ್ರ ಕೊಡೋದು. ನೀರು ಬಿಟ್ಟು ಬೇರೇನೂ ಇಲ್ಲ. ಬಿಸ್ಕತ್ತಿಲ್ಲ, ಚಪಾತಿ ಚೂರಿಲ್ಲ. ಜಂತುಹುಳದ ಮಾತ್ರೆಗೂ ಕೋಳಿ ರುಚಿ ಸೇರಿಸಿರ್ತಾರೆ, ಅದನ್ನೂ ನೋಡ್ಕೋಬೇಕು. ಅಲರ್ಜಿ ಇರೋ ನಾಯಿಗಳಲ್ಲಿ ನೂರಕ್ಕೆ 80 ಐದು ವಾರದಲ್ಲಿ, 90ಕ್ಕೂ ಹೆಚ್ಚು ಎಂಟು ವಾರದೊಳಗೆ ಸುಧಾರಿಸುತ್ತವೆ. ಸುಧಾರಿಸಿದ ಮೇಲೆ ಹಳೇ ಆಹಾರ ಒಂದೊಂದಾಗಿ ವಾಪಸ್ ಕೊಟ್ಟು, ಯಾವುದಕ್ಕೆ ಕೆರೆತ ಮರಳಿ ಬರುತ್ತೆ ಅಂತ ನೋಡಬೇಕು. ಎಷ್ಟೋ ಜನ ಈ ಕೊನೇ ಹೆಜ್ಜೆ ಇಡೋದೇ ಇಲ್ಲ. ನಾಯಿ ಹುಷಾರಾಯ್ತಲ್ಲ ಅಂತ ನಿಲ್ಲಿಸಿಬಿಡ್ತಾರೆ, ತಪ್ಪಿತಸ್ಥ ಯಾರು ಅಂತ ಕೊನೆಗೂ ಗೊತ್ತಾಗಲ್ಲ.

ನನಗೆ ಇದು ತಕ್ಷಣ ಅರ್ಥವಾಯ್ತು. ನಮ್ಮ ಕೆಲಸದಲ್ಲೂ ಬಗ್ ಹುಡುಕೋದು ಹೀಗೇ. ಎಲ್ಲ ತೆಗೆದುಹಾಕು, ಸಿಸ್ಟಂ ನಿಂತುಕೊಳ್ಳಲಿ, ಆಮೇಲೆ ಒಂದೊಂದೇ ಸೇರಿಸು. ಒಂದೇ ಸಲಕ್ಕೆ ಎರಡು ಬದಲಾಯಿಸಿದವನು ಕೆಟ್ಟ. ಅಡುಗೆಮನೆಗೆ ಡಿಜಿಟಲ್ ತಕ್ಕಡಿ ಬಂತು. ಫೋನಿನಲ್ಲಿ ಒಂದು ಶೀಟು: ದಿನ, ಗ್ರಾಂ, ಮಲ, ಕಿವಿ, ರಾತ್ರಿ ಎಷ್ಟು ಸಲ ಕೆರೆದ. ಹೊಸತೊಡಕಿನ ದಿನದ ತನಕ 38 ಸಾಲು ತುಂಬಿತ್ತು.

*

ನಾಯಿಗೆ ಅಲರ್ಜಿ ಅಂತ ಬಾಯಿ ಬಿಟ್ಟರೆ ಸಾಕು, ಸಲಹೆ ಹುಡುಕಿಕೊಂಡು ಬರುತ್ತೆ.

ಆಫೀಸಿನ ಗೆಳೆಯ ಹೇಳಿದ: “ನಾಯಿ ಅಂದ್ರೆ ತೋಳ ಮಗಾ, ಧಾನ್ಯ ಹಾಕಬಾರದು, ಗ್ರೇನ್ ಫ್ರೀ ತಗೋ.” ಅವನು ಆರು ತಿಂಗಳಿಂದ ಅನ್ನ ಬಿಟ್ಟು ಕೀಟೋ ಡಯಟ್ಟಿನಲ್ಲಿದ್ದ. ಎದುರುಮನೆ ಆಂಟಿ ಹೇಳಿದರು: “ಮಾಂಸ ನಿಲ್ಲಿಸಿ, ಎಲ್ಲ ಸರಿಹೋಗುತ್ತೆ. ನಮ್ಮ ಪುಟ್ಟಿ ಪ್ಯೂರ್ ವೆಜ್, ಮೊಸರನ್ನ ಬಿಟ್ಟರೆ ಏನೂ ಮುಟ್ಟಲ್ಲ.” ಜಿಮ್ಮಿನಲ್ಲಿ ಸಿಗೋ ಹುಡುಗನೊಬ್ಬ ಹಸಿ ಮಾಂಸ ಅಂದ. ಅವ್ವ ಫೋನಲ್ಲಿ ಹೇಳಿದಳು: “ಅದ್ಯಾವ ಸೀಮೆ ಕಾಳು ತಿನ್ನುಸ್ತೀಯ, ಒಂದ್ ಮುರುಕು ಹಿಟ್ಟು ಇಕ್ಕು.” ನಮ್ಮ ಕಡೆ ಹಿಟ್ಟು ಅಂದ್ರೆ ರಾಗಿ ಮುದ್ದೆ.

ನಾಲ್ಕು ಜನರದ್ದೂ ಪ್ರೀತಿಯೇ. ಆದರೆ ಸ್ವಲ್ಪ ದಿನ ಆದ ಮೇಲೆ ನನಗೆ ಒಂದು ವಿಷಯ ಕಾಣಿಸ್ತು. ಯಾರೂ ಗುಂಡನ ಬಗ್ಗೆ ಮಾತಾಡ್ತಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆಯನ್ನ ಅವನ ಮುಂದೆ ಇಡ್ತಿದ್ದಾರೆ.

ನಾನೇನು ಬೇರೆ? ಕೆಜಿಗೆ ಸಾವಿರ ರೂಪಾಯಿಗೂ ಮೇಲಿನ ಚೀಲ ತಂದಾಗ ನನ್ನೊಳಗೊಂದು ಹೆಮ್ಮೆ ಇತ್ತು. ಮುದ್ದೆ ಉಂಡು ಬೆಳೆದವನು ಇಷ್ಟು ದೂರ ಬಂದೆ ಅನ್ನೋ ಹೆಮ್ಮೆ. ಅದೂ ನನ್ನ ತಟ್ಟೆಯೇ.

ಲೆಕ್ಕ ನೋಡಿದರೆ ಯಾರ ನಂಬಿಕೆಯೂ ಪೂರ್ತಿ ನಿಲ್ಲಲ್ಲ. ಆಹಾರದ ಅಲರ್ಜಿ ಖಚಿತವಾದ 297 ನಾಯಿಗಳ ವಿವರವನ್ನ 2016ರಲ್ಲಿ ಒಂದು ಸಮೀಕ್ಷಾ ಲೇಖನದಲ್ಲಿ ಒಟ್ಟುಮಾಡಿದ್ದರು. ದನದ ಮಾಂಸಕ್ಕೆ ಶೇ 34, ಹಾಲಿನ ಪದಾರ್ಥಕ್ಕೆ 17, ಕೋಳಿಗೆ 15, ಗೋಧಿಗೆ 13. ಅಂದರೆ ಧಾನ್ಯವನ್ನೇ ಶತ್ರು ಮಾಡೋಕಾಗಲ್ಲ, ಮೊಸರನ್ನವನ್ನೇ ದೇವರು ಮಾಡೋಕೂ ಆಗಲ್ಲ. ಗ್ರೇನ್ ಫ್ರೀ ಆಹಾರಕ್ಕೂ ನಾಯಿಗಳ ಒಂದು ಹೃದಯದ ಕಾಯಿಲೆಗೂ ನಂಟಿದೆಯಾ ಅಂತ ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆಯನ್ನೇ ಶುರು ಮಾಡಿತು. ನಂಟು ಸಾಬೀತಾಗಲಿಲ್ಲ, ಅನುಮಾನವೂ ಪೂರ್ತಿ ಹೋಗಲಿಲ್ಲ. ಇನ್ನೊಂದು ತಮಾಷೆ. ಅಮೆರಿಕದಲ್ಲಿ ಕುರಿ ಮಾಂಸವನ್ನ ಅಲರ್ಜಿಗೆ ಹೊಸ ಪ್ರೋಟೀನು ಅಂತ ಕೊಡ್ತಿದ್ದರು, ಯಾಕಂದರೆ ಅಲ್ಲಿನ ನಾಯಿಗಳು ಅದನ್ನ ತಿಂದಿರಲಿಲ್ಲ. ಬನ್ನೂರು ಕುರಿಯ ಜಿಲ್ಲೆಯಲ್ಲಿ ಹುಟ್ಟಿದ ನಾಯಿಗೆ ಆ ಮಾತು ಹೇಳಿ ನೋಡಿ! ಯಾವ ಆಹಾರವೂ ತನ್ನಷ್ಟಕ್ಕೇ ಕೆಟ್ಟದ್ದಲ್ಲ. ಈ ದೇಹಕ್ಕೆ, ಈಗ, ಆಗುತ್ತೋ ಇಲ್ಲವೋ, ಅಷ್ಟೇ.

*

“ನಾವು ಚಿಕ್ಕವರಾಗಿದ್ದಾಗ ಯಾವ ನಾಯಿಗಪ್ಪಾ ಅಲರ್ಜಿ ಇತ್ತು?” ಹಳ್ಳಿಯಿಂದ ಬಂದ ನಾವೆಲ್ಲ ಒಂದಲ್ಲ ಒಂದು ಸಲ ಹೀಗೆ ಹೇಳಿರ್ತೀವಿ. ನಾನೂ ಹೇಳಿದ್ದೀನಿ.

ನಮ್ಮ ಕಡೆ ನಾಯಿ ಏನು ತಿನ್ನಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ಹೊಲ. ನಾಗಮಂಗಲ, ಕೆ.ಆರ್. ಪೇಟೆಯ ಮಳೆ ನಂಬಿದ ಊರುಗಳಲ್ಲಿ ನಾಯಿಗೆ ಹಿಟ್ಟು. ನನ್ನ ಅಕ್ಕನನ್ನ ಕೊಟ್ಟಿರೋ ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಗದ್ದೆಯಾಯ್ತು, ಅಲ್ಲಿ ನಾಯಿಗೆ ಅನ್ನ. ಶ್ರೀರಂಗಪಟ್ಟಣದ ಸುತ್ತ ಅದಕ್ಕೂ ಹಳೇ ನಾಲೆಗಳಿವೆ, ಅಲ್ಲಿನ ನಾಯಿಗಳು ಇನ್ನೂ ಮುಂಚಿನಿಂದ ಅನ್ನ ತಿಂದವು. ಇದು ನಮ್ಮ ಜಿಲ್ಲೆಯ ಕತೆ ಮಾತ್ರ ಅಲ್ಲ. ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಪಿಷ್ಟ ಜೀರ್ಣಿಸೋ ಒಂದು ಜೀನಿನ ಪ್ರತಿಗಳು ತೋಳದಲ್ಲಿ ಎರಡಿದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರ ತನಕ ಇವೆ. ನಮ್ಮ ಎಂಜಲು ತಿಂದೂ ತಿಂದೂ ತೋಳ ನಾಯಿಯಾಗಿದೆ. ಅವ್ವನ ಹಿಟ್ಟಿನ ಹಿಂದೆ ಸಾವಿರಾರು ವರ್ಷದ ಸಾಕ್ಷಿ ಇದೆ.

ಆದರೆ ನಮ್ಮ ಮನೇಲಿ ಕರಿಯ ಅಂತ ಒಂದು ನಾಯಿ ಇತ್ತು. ನಾನು ಆರನೇ ಕ್ಲಾಸಲ್ಲಿದ್ದಾಗ ಅದರ ಕಿವಿಯ ಹಿಂದೆ ಕೂದಲು ಉದುರೋಕೆ ಶುರುವಾಯ್ತು, ಆಮೇಲೆ ಬೆನ್ನು. ಅಪ್ಪ ಹೊಂಗೆ ಎಣ್ಣೆಗೆ ಗಂಧಕ ಕಲಸಿ ಹಚ್ಚಿದರು. ಹೋಗಲಿಲ್ಲ. ಮೊದಲು ಅದನ್ನ ಜಗಲಿಗೆ ಹತ್ತಿಸೋದು ನಿಲ್ಲಿಸಿದೆವು. ಆಮೇಲೆ ಕೊಟ್ಟಿಗೆಯಿಂದಲೂ ಓಡಿಸಿದೆವು. ಊರ ಹುಡುಗರು ಕಲ್ಲು ಹೊಡೀತಿದ್ದರು. ಆ ಹುಡುಗರಲ್ಲಿ ನಾನೂ ಒಬ್ಬ. ಒಂದು ದಿನ ಅದು ಕಾಣಿಸಲಿಲ್ಲ, ಯಾರೂ ಹುಡುಕಲಿಲ್ಲ.

ಅದಕ್ಕೆ ಇದ್ದದ್ದು ಹುಳದ ಕಜ್ಜಿಯೋ, ಊಟದ ಅಲರ್ಜಿಯೋ, ಎರಡೂನೋ ಇವತ್ತು ಹೇಳೋಕಾಗಲ್ಲ. ನಮಗೆ ಆವತ್ತು ಹೆಸರುಗಳೇ ಇರಲಿಲ್ಲ. ಇದ್ದದ್ದು ಒಂದೇ ಹೆಸರು: ಕಜ್ಜಿ ನಾಯಿ. ಅದೂ ರೋಗದ ಹೆಸರಾಗಿ ಅಲ್ಲ, ಬೈಗುಳವಾಗಿ. ಹಾಗಾಗಿ, ನಮ್ಮ ಕಾಲದಲ್ಲಿ ಯಾವ ನಾಯಿಗೂ ಅಲರ್ಜಿ ಇರಲಿಲ್ಲ ಅನ್ನೋದಕ್ಕೆ ನಾನು ಈಗ ಒಂದು ತಿದ್ದುಪಡಿ ಹಾಕ್ತೀನಿ. ಇದ್ದವನ್ನ ನಾವು ಲೆಕ್ಕಕ್ಕೆ ತಗೊಳ್ಳಲಿಲ್ಲ. ಗಟ್ಟಿ ಇದ್ದವು ಉಳಿದವು, ಉಳಿದವನ್ನ ನೋಡಿ ಹಿಟ್ಟೇ ಸರಿ ಅಂದ್ಕೊಂಡೆವು.

*

ನಮ್ಮ ಸೀಮೆಯವರಿಗೆ ನಾಯಿ ಮೇಲೆ ಗೌರವ ಇಲ್ಲ ಅಂತಲ್ಲ. ಬೆಂಗಳೂರಿಂದ ಊರಿಗೆ ಹೋಗೋ ದಾರಿಯಲ್ಲಿ ಬೆಳ್ಳೂರು ಕ್ರಾಸ್ ಹತ್ತಿರ ಆದಿಚುಂಚನಗಿರಿ. ಅಲ್ಲಿನ ದೇವರು ಕಾಲಭೈರವ, ಅವನ ವಾಹನ ನಾಯಿ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ಸಿಕ್ಕಿತು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಮಣಲೇರ ಅನ್ನೋ ಯೋಧನ ಬೇಟೆನಾಯಿ ಕಾಳಿ, ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಅವನು ಕಲ್ಲು ನಿಲ್ಲಿಸಿ ಭೂಮಿ ದಾನ ಕೊಟ್ಟ. ಪೂಜೆ ಮಾಡೋ ಗೊರವ ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಅವನಿಗೆ ಪಾಪ ಅಂತಲೂ ಕೆತ್ತಿಸಿದ. ಸಾವಿರ ವರ್ಷದ ಹಿಂದೆ ನಮ್ಮಲ್ಲಿ ಒಂದು ನಾಯಿಗೆ ಸಲ್ಲಬೇಕಾದ್ದು ಸಲ್ಲೋ ತನಕ ಮನುಷ್ಯ ಉಣ್ಣೋ ಹಾಗಿರಲಿಲ್ಲ.

ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ವನವಾಸದಲ್ಲಿದ್ದರು ಅಂತ ಊರವರು ಹೇಳ್ತಾರೆ. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಬೆಟ್ಟ ಕಂಡು ನನಗೆ ಧರ್ಮರಾಯನ ನಾಯಿ ನೆನಪಾಗುತ್ತೆ. ನಾಯಿ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದನಲ್ಲ, ಆ ನಾಯಿ. ಅಷ್ಟು ದೂರ ಅವರ ಹಿಂದೆ ನಡೆದು ಬಂತಲ್ಲ, ದಾರಿಯಲ್ಲಿ ಏನು ತಿಂತು ಅಂತ ನಮ್ಮಲ್ಲಿ ಯಾರಾದರೂ ಕೇಳಿದ್ದೀವಾ? ಸ್ವರ್ಗದ ಬಾಗಿಲಲ್ಲಿ ನಿಲ್ಲೋದು ಒಂದು ಸಲದ ಕೆಲಸ. ನಾಯಿಗೆ ಊಟ ದಿನಕ್ಕೆರಡು ಸಲದ ಕೆಲಸ. ಮೊದಲನೇದಕ್ಕೆ ಕತೆ ಇದೆ, ಎರಡನೇದಕ್ಕೆ ಇಲ್ಲ. ದೇವರ ವಾಹನವಾದ ನಾಯಿಗೆ ಕೈ ಮುಗಿದು ಬಂದ ಕೈಯಲ್ಲೇ ನಾನು ಕರಿಯನಿಗೆ ಕಲ್ಲು ಹೊಡೆದಿದ್ದೆ.

*

ಇನ್ನು ದುಡ್ಡಿನ ಪ್ರಶ್ನೆ. ಅದನ್ನ ತಪ್ಪಿಸಿಕೊಂಡು ಹೋದರೆ ಮೋಸ ಆಗುತ್ತೆ.

ಜುಲೈ 2025ರಲ್ಲಿ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಕೋಳಿ ಮಾಂಸ ಸೇರಿಸಿದ ಅನ್ನ ಹಾಕೋ ಯೋಜನೆ ಪ್ರಕಟಿಸಿತು. ವರ್ಷಕ್ಕೆ 2.88 ಕೋಟಿ, ಒಂದು ನಾಯಿಗೆ ದಿನಕ್ಕೆ 22 ರೂಪಾಯಿ ಚಿಲ್ಲರೆ. ಜನ ಸಿಟ್ಟಾದರು. ಗುಂಡಿ ಮುಚ್ಚೋಕೆ ದುಡ್ಡಿಲ್ಲ, ನಾಯಿಗೆ ಬಿರಿಯಾನಿಯಾ ಅಂತ ಎಲ್ಲ ಕಡೆ ಮೀಮ್ ಓಡಾಡಿತು. ನಾನೂ ನಕ್ಕು ಒಂದನ್ನ ಫಾರ್ವರ್ಡ್ ಮಾಡಿದೆ. ಆಮೇಲೆ ಲೆಕ್ಕ ಹಾಕಿದರೆ, ಗುಂಡನ ದಿನದ ಖರ್ಚು ಆ ನಾಯಿಯದಕ್ಕಿಂತ ಕಡಿಮೆ ಅಂದರೂ ನಾಲ್ಕು ಪಟ್ಟು.

ನನ್ನ ದುಡ್ಡು ನನ್ನಿಷ್ಟ ಅನ್ನೋದು ಉತ್ತರ ಅಲ್ಲ. ನನಗೆ ಒಪ್ಪಿಗೆಯಾದ ಉತ್ತರ ಬೇರೆ. ಕರಿಯನಿಗೆ ಬಡತನದಲ್ಲೂ ಒಂದು ಆಯ್ಕೆ ಇತ್ತು. ಹಿಟ್ಟು ಸೇರದಿದ್ದರೆ ಗದ್ದೆ ಬದುವಲ್ಲಿ ಇಲಿ ಹಿಡೀತಿತ್ತು, ಪಕ್ಕದ ಮನೆಗೆ ಹೋಗ್ತಿತ್ತು, ಹೊಟ್ಟೆ ಕೆಟ್ಟರೆ ಗರಿಕೆ ತಿಂತಿತ್ತು. ಗುಂಡನಿಗೆ ಅದ್ಯಾವುದೂ ಇಲ್ಲ. ಅವನ ಮೊಂಡು ಮೂತಿ, ಗಿಡ್ಡ ಕಾಲು, ಎಲ್ಲ ಮನುಷ್ಯ ತನ್ನ ಖುಷಿಗೆ ತಲೆಮಾರುಗಟ್ಟಲೆ ಆರಿಸಿ ಮಾಡಿದ್ದು. ಅಂಥವನನ್ನ ತಂದು ಏಳನೇ ಮಹಡಿಯಲ್ಲಿ ಬಾಗಿಲು ಹಾಕಿದ್ದೀನಿ. ನಾನು ಇಕ್ಕಿದ್ದು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಬೇರೆ ಊಟ ಇಲ್ಲ. ಒಂದು ಜೀವದ ಆಯ್ಕೆಯನ್ನೆಲ್ಲ ಕಿತ್ತುಕೊಂಡ ಮೇಲೆ, ಅದಕ್ಕೆ ಏನು ಆಗುತ್ತೆ ಏನು ಆಗಲ್ಲ ಅಂತ ಗಮನಿಸೋದು ಉಪಕಾರ ಅಲ್ಲ, ಸಾಲ ತೀರಿಸೋದು.

ಸಾಲ ಅಂದರೆ ದುಬಾರಿ ಚೀಲ ಅಂತಲೂ ಅಲ್ಲ. ಹೊಸತೊಡಕು ಕಳೆದು ಬೆಂಗಳೂರಿಗೆ ಬಂದು ಮೊದಲಿಂದ ಶುರು ಮಾಡಿದಾಗ, ಡಾಕ್ಟರನ್ನ ಕೇಳಿ ಬೇಯಿಸಿದ ಮೀನು, ಗೆಣಸಿಗೆ ಬದಲಾಯಿಸಿದೆವು. ಗುಂಡ ಯಾವತ್ತೂ ಮೀನು ತಿಂದಿರಲಿಲ್ಲ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿ ಅಂತೂ ಇಲ್ಲವೇ ಇಲ್ಲ, ಅವೆರಡೂ ನಾಯಿಯ ರಕ್ತಕಣ ಒಡೀತವೆ. ಖರ್ಚು ಕಡಿಮೆಯಾಯ್ತು, ಕೆಲಸ ಜಾಸ್ತಿಯಾಯ್ತು.

ಕಷ್ಟ ಇದ್ದದ್ದು ಖರ್ಚಲ್ಲೂ ಅಲ್ಲ, ಕೆಲಸದಲ್ಲೂ ಅಲ್ಲ. ಕೊಡದೇ ಇರೋದ್ರಲ್ಲಿ. ದಿನಕ್ಕೆ ಸುಮಾರು 400 ಕ್ಯಾಲೊರಿ ಸಾಕಾಗೋ ಪುಟ್ಟ ದೇಹ ಅದು. ನಾವು ಟೀ ಜೊತೆ ಕೊಡೋ ಎರಡು ಬಿಸ್ಕತ್ತು ಅವನಿಗೆ ಅರ್ಧ ಹೊತ್ತಿನ ಊಟದ ಹತ್ತಿರ ಬರುತ್ತೆ. ಆ ಬಿಸ್ಕತ್ತು ಕೊಡುವಾಗ ಬಾಲ ಅಲ್ಲಾಡೋದನ್ನ ನೋಡಿ ಖುಷಿಪಡೋದು ನಾನು. ರಾತ್ರಿ ಕೆರೆಯೋದು ಅವನು. ನಮ್ಮಲ್ಲಿ ಪ್ರೀತಿ ಅಂದರೆ ಇಕ್ಕೋದು. ಬಂದವರಿಗೆ “ಊಟ ಆಯ್ತಾ” ಅಂತ ಕೇಳೋ ಸೀಮೆ ನಮ್ಮದು. ಇಕ್ಕದೆ ಇರೋದೂ ಪ್ರೀತಿ ಆಗಬಹುದು ಅಂತ ಕಲಿಯೋಕೆ ನನಗೆ ಆರು ಕೆಜಿಯ ನಾಯಿ ಬೇಕಾಯ್ತು. ಹಾಗಿದ್ದ ಮೇಲೆ ಅವ್ವನಿಗೆ ಅದು ಒಂದು ಫೋನ್ ಕಾಲಿನಲ್ಲಿ ಅರ್ಥವಾಗಬೇಕು ಅಂತ ನಾನು ಹೇಗೆ ಅಂದ್ಕೊಂಡೆ?

*

ಮೇ ಕೊನೆಗೆ ಎಂಟು ವಾರ ಮುಗೀತು. ಗುಂಡ ರಾತ್ರಿ ಮಲಗೋಕೆ ಶುರು ಮಾಡಿದ್ದ. ಆಮೇಲೆ ಒಂದೊಂದಾಗಿ ವಾಪಸ್. ಕೋಳಿ ಕೊಟ್ಟ ನಾಲ್ಕನೇ ದಿನ ಬೆರಳು ನೆಕ್ಕಿದ, ಕಿವಿ ಕೆಂಪಾಯ್ತು. ನಿಲ್ಲಿಸಿದೆವು. ಎಲ್ಲ ತಣ್ಣಗಾದ ಮೇಲೆ ಮೊಸರು: ಎರಡು ವಾರ, ಏನೂ ಇಲ್ಲ. ಆಮೇಲೆ ರಾಗಿ: ಏನೂ ಇಲ್ಲ.

ಅಂದರೆ ಹೊಸತೊಡಕಿನ ತುಂಡು ನಿಜವಾಗಲೂ ತಪ್ಪಾಗಿತ್ತು, ನಾನು ಇಷ್ಟು ದಿನ ಗೇಲಿ ಮಾಡಿದ್ದ ಹಿಟ್ಟು ತಪ್ಪಾಗಿರಲಿಲ್ಲ. ಹಿಟ್ಟೊಂದರಲ್ಲೇ ನಾಯಿ ಬದುಕಬಾರದು, ಬೇಕಾದ ಪ್ರೋಟೀನು, ಕೊಬ್ಬು ಅದರಲ್ಲಿ ಸಾಲಲ್ಲ. ಮೀನು ಗೆಣಸೂ ವರ್ಷಗಟ್ಟಲೆ ಸಾಲಲ್ಲ. ಈಗ ಅವನಿಗೆ ಮೀನಿನದ್ದೇ ಸಿದ್ಧ ಆಹಾರ. ಚೀಲದ ಮುಂದೆ ಮೀನಿನ ಚಿತ್ರ ಇದ್ದರೆ ಸಾಲದು, ಹಿಂದಿನ ಸಣ್ಣ ಅಕ್ಷರ ಓದಬೇಕು. ಎಷ್ಟೋ ಸಲ ಅಲ್ಲಿ ಕೋಳಿಯ ಪುಡಿಯೋ ಕೊಬ್ಬೋ ಕೂತಿರುತ್ತೆ.

ಅವ್ವನ ಪ್ರಶ್ನೆಗೆ ಉತ್ತರ ಹುಡುಕೋದು ತಡವಾಯ್ತು. ನಾಯಿಗೆ ಬಾಯಿಲ್ಲ, ಅದಕ್ಕೇ ಅದರ ಪರವಾಗಿ ನಾನು ತೀರ್ಮಾನ ಮಾಡಬೇಕು, ಮಾಡುವಾಗ ಅದರ ಮೈಯನ್ನ ಪ್ರಶ್ನೆ ಕೇಳ್ತಾ ಇರಬೇಕು. ಅವ್ವನಿಗೆ ಬಾಯಿದೆ. ಅವಳನ್ನ ಕೇಳಬೇಕಿತ್ತು. ನಾನು ಮಾಡಿದ್ದು ಉಲ್ಟಾ. ನಾಯಿಯ ಮೈಯನ್ನ ದಿನಾ ಕೇಳಿದೆ, ಅವ್ವನಿಗೆ ಫೋನಲ್ಲಿ “ಅನ್ನ ಬ್ಯಾಡ, ಹಿಟ್ಟು ಉಣ್ಣು, ಸಕ್ರೆ ಮುಟ್ಟಬ್ಯಾಡ” ಅಂತ ಆರ್ಡರ್ ಹಾಕಿ ಕಟ್ ಮಾಡ್ತಿದ್ದೆ.

ಜೂನಲ್ಲಿ ಊರಿಗೆ ಹೋದಾಗ ಕೇಳಿದೆ. ಬೆಳಿಗ್ಗೆ ಏನು ಉಣ್ತೀಯ, ಮಾತ್ರೆ ಯಾವಾಗ ನುಂಗ್ತೀಯ, ತಲೆ ಸುತ್ತು ಬರೋದು ಯಾವ ಹೊತ್ತಲ್ಲಿ ಅಂತ. ಅವ್ವ ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು, ಒಂದು ಗಂಟೆ. ಮೂರು ತಿಂಗಳ ಸರಾಸರಿ ತೋರಿಸೋ ಪರೀಕ್ಷೆಗೆ ಜೊತೆಗೆ ಹೋದೆವು. 8.4 ಬಂತು. ಕಡಿಮೆಯೇನಲ್ಲ. ಈಗ ಅವಳ ಹತ್ತಿರವೂ ಒಂದು ನೋಟ್‌ಬುಕ್ ಇದೆ, ಅಕ್ಕನ ಮಗಳು ಬರೆದುಕೊಡ್ತಾಳೆ. ಹಬ್ಬದ ದಿನ ಒಬ್ಬಟ್ಟು ತಿಂದೇ ತಿಂತೀನಿ ಅಂತ ಅವ್ವ ಹೇಳಿದ್ದಾಳೆ. ಅದು ಅವಳ ತೀರ್ಮಾನ. ನಾನು ಒಂದೇ ತಿನ್ನು ಅಂತ ಕೇಳ್ಕೊಂಡಿದ್ದೀನಿ.

ಕಳೆದ ಸಲ ಹೋದಾಗ ಅಡುಗೆಮನೆ ಹೊಸ್ತಿಲಲ್ಲಿ ಗುಂಡ ಎಂದಿನ ಹಾಗೆ ಕೂತಿದ್ದ. ಒಲೆ ಮೇಲೆ ಕೋಳಿ ಸಾರಿತ್ತು. ಅವ್ವ ಮುದ್ದೆಯಿಂದ ಒಂದು ಚೂರು ಮುರಿದು, ಆರಿಸಿ, ಗೋಲಿ ಗಾತ್ರ ಉಂಡೆ ಮಾಡಿ, ಸಾರಿಗೆ ಅದ್ದದೆ ಹಾಗೇ ಕೈಯಲ್ಲಿ ಹಿಡ್ಕೊಂಡು ನನ್ನ ಕಡೆ ನೋಡಿದಳು.

“ಇದು ಇಕ್ಲಾ?”

“ಇಕ್ಕವ್ವ,” ಅಂದೆ.